ಊಟ, ನಿದ್ದೆ, ಚಳಿಯ ಮಾತು

ಬೀರುವಿನಿಂದ ಸ್ವೆಟರ್ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದು, ಹೋದ ವರ್ಷದ ಚಳಿಗಾಲದ ಒಂದು ಬೆಳಿಗ್ಗೆ ನೆನಪಾಯಿತು. ಅವತ್ತು ಏನೇನು ಕೆಡಬಹುದಿತ್ತು ಕೇಳಿ. ಕರೆಂಟು ಹೋಗಬಹುದಿತ್ತು. ಗೋಪಾಲಸ್ವಾಮಿ ಬೆಟ್ಟದ ಮಂಜು ಇಳಿದು ಸಿಗ್ನಲ್ ಸಾಯಬಹುದಿತ್ತು. (ಮಂಜಿಗೂ ಸಿಗ್ನಲ್ಲಿಗೂ ಸಂಬಂಧವಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ನನ್ನ ಚಿಂತೆಗೆ ಸಂಬಂಧ ಬೇಕಿಲ್ಲ.) ಫೋನು ಕೈಜಾರಿ ಮೋರಿಗೆ ಬೀಳಬಹುದಿತ್ತು. ಆ ಕಡೆ ಯಾರೋ ಕದ್ದು ಕೇಳಿ ಆ ಮನೆಯವರಿಗೆ ತೊಂದರೆಯಾಗಬಹುದಿತ್ತು. ಈ ಕಡೆ ಯಾರೋ ನನ್ನನ್ನೂ ಕರೆಸಿ, ಟಿಬೆಟ್ಟಿನಲ್ಲಿ ನಿಮಗೇನ್ರೀ ಕೆಲಸ ಎಂದು ಕೇಳಬಹುದಿತ್ತು. ಚಾಮರಾಜನಗರದ ಆಫೀಸು ಬಿಟ್ಟರೆ ನನಗೆ ಎಲ್ಲೂ ಕೆಲಸವಿಲ್ಲ, ಅಲ್ಲೂ ಅಷ್ಟಕ್ಕಷ್ಟೇ ಎನ್ನುವ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಇಷ್ಟೆಲ್ಲ ಡೋಲ್ಮಕ್ಕನಿಗೆ ಟಿಬೆಟ್ಟಿನಿಂದ ಬರಬೇಕಿದ್ದ ಒಂದು ಫೋನಿಗಾಗಿ. ದೀಪಾವಳಿ ಕಳೆದದ್ದೇ ಸ್ವೆಟರಿನ ಗಂಟುಗಳೊಡನೆ ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಮಳಿಗೆಗೆ ಬಂದು, ಚಳಿ ಮುಗಿಯುವಾಗ ಹೊರಡುವವರು. ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನವರು. ಹೆತ್ತವರು ಬೆನ್ನಿಗೆ ಕಟ್ಟಿಕೊಂಡು ಹಿಮಾಲಯ ದಾಟಿಸಿದ ಕೂಸು. ಇವರ ಅಕ್ಕ ಮಾತ್ರ ಟಿಬೆಟ್ಟಿನಲ್ಲೇ ಅಜ್ಜಿಯ ಹತ್ತಿರ ಉಳಿದುಬಿಟ್ಟಳು. ಡೋಲ್ಮಕ್ಕನ ಕನ್ನಡ ನನ್ನದಕ್ಕಿಂತ ಖಾರ. ರೇಟು ಇಳಿಸಿ ಎಂದವರಿಗೆ, "ಚಳಿ ಇಳೀಲಿ, ಆಗ ನಾನೂ ಇಳುಸ್ತೀನಿ ಕಣಪ್ಪ" ಎನ್ನುತ್ತಾರೆ.

ಟಿಬೆಟ್ಟಿನಲ್ಲಿ ಉಳಿದ ಆ ಅಕ್ಕನಿಗೊಬ್ಬಳು ಮೊಮ್ಮಗಳು, ಎಂಟು ವರ್ಷದವಳು. ಹಳ್ಳಿಯಲ್ಲಿದ್ದ ಶಾಲೆ ಮುಚ್ಚಿ ಮಗು ದೂರದ ಹಾಸ್ಟೆಲ್ ಸೇರಿದೆ. ಅಲ್ಲಿ ಪಾಠ, ಆಟ, ಬೈಗುಳ ಎಲ್ಲವೂ ಚೀನೀ ಭಾಷೆಯಲ್ಲಿ, ಸರ್ಕಾರದ ಕಟ್ಟಳೆ. ರಜಕ್ಕೆ ಬಂದ ಮಗು ಅಜ್ಜಿ ಕೇಳಿದ್ದಕ್ಕೆಲ್ಲ ಚೀನಿಯಲ್ಲೇ ಉತ್ತರ ಕೊಡುತ್ತದೆ. ಅಜ್ಜಿಗೆ ಅದು ಬಾರದು. ಒಂದೇ ಒಲೆಯ ಮುಂದೆ ಕೂತ ಇಬ್ಬರ ಮಧ್ಯೆ ಮಗುವಿನ ಅಪ್ಪ ಅರ್ಥ ಹೇಳುತ್ತಾ ಕೂರಬೇಕು.

"ನಮ್ ಮಕ್ಳು ಇಲ್ಲಿ ಕ್ಯಾಂಪ್ ಸ್ಕೂಲಲ್ಲಿ ನಮ್ ಅಕ್ಸರನೇ ತಿದ್ದುದ್ರು ಕಣ್ ತಮ್ಮ. ಊರ್ ಬುಟ್ ಬಂದೋರ್ಗೆ ಸಿಕ್ತು, ಊರಲ್ಲೇ ಇರೋರ್ಗೆ ಇಲ್ಲ. ಇದ್ಯಾವ ನ್ಯಾಯ?" ಎಂದರು ಡೋಲ್ಮಕ್ಕ ಒಮ್ಮೆ.

ನಾನು ಮನೆಯಲ್ಲಿ ಕನ್ನಡ, ಫೈಲಿನಲ್ಲಿ ಇಂಗ್ಲಿಷು, ಬಾಳೆಕಾಯಿ ವ್ಯಾಪಾರಿಯ ಹತ್ತಿರ ಮುರುಕು ಮಲಯಾಳ ಆಡಿಕೊಂಡು ಬದುಕಿದವನು. ಒಂದನ್ನು ಕಲಿಯಲು ಇನ್ನೊಂದನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಬಾ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಮರೆತ ಮಾತುಗಳನ್ನೆಲ್ಲ ನಾನೇ ಸ್ವಂತ ಸೋಮಾರಿತನದಿಂದ ಮರೆತದ್ದು. ಮರೆಯಲಿಕ್ಕೂ ಒಂದು ಸ್ವಾತಂತ್ರ್ಯ ಬೇಕು ನೋಡಿ.

ಆ ಮಗು ತಮ್ಮನ್ನು ಒಂದು ಸಲ, ಒಂದೇ ಸಲ, ತಮ್ಮ ಮಾತಿನಲ್ಲಿ ಮಾತಾಡಿಸಬೇಕು: ಡೋಲ್ಮಕ್ಕನ ಆಸೆ ಅಷ್ಟೇ. ರಜದಲ್ಲಿ ಅಕ್ಕ ಮಗುವಿಗೆ ದಿನವೂ ಹೇಳಿಕೊಡುತ್ತಿದ್ದಳಂತೆ. ಇವರದು ಗುಂಡಿ ಒತ್ತುವ ಹಳೇ ಫೋನಾದ್ದರಿಂದ ಯಾರ ಯಾರ ಮೂಲಕವೋ ನನ್ನ ಫೋನಿಗೆ ವಿಡಿಯೊ ಕರೆ ಬರುವುದೆಂದು ನಿಗದಿಯಾಯಿತು. ಕದ್ದು ಕೇಳುವವರ ಭಯಕ್ಕೆ ಮಾತಿಗೂ ಒಂದು ಗಡಿ ಇತ್ತು. ಊಟ, ನಿದ್ದೆ, ಚಳಿ. ಅದರಾಚೆ ಏನೂ ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ. ಡೋಲ್ಮಕ್ಕ ಸಣ್ಣ ಸಣ್ಣ ಮಾತುಗಳನ್ನು ಹೊಂದಿಸಿಕೊಂಡು ಬಾಯಿಪಾಠ ಮಾಡುತ್ತಿದ್ದರು.

ಫೋನು ಬಂದಾಗ ಮಳಿಗೆಯಲ್ಲಿ ಗಿರಾಕಿ. ನಾನು ಫೋನು ಹಿಡಿದು ಸಿಗ್ನಲ್ಲಿನ ಗೆರೆಗಳನ್ನೇ ಎಣಿಸುತ್ತಾ ನಿಂತಿದ್ದೆ. "ಅವ್ರ್‌ ಕೈಗ್ ಕೊಟ್ಟು ಈಚೆ ಬನ್ನಿ. ನಿಮ್ ಮೊಕ ನೋಡುದ್ರೆ ಮಗು ಎದ್ರ್‌ಕತದೆ" ಎಂದಳು ಹೆಂಡತಿ.

ಕರೆಂಟಿತ್ತು. ಸಿಗ್ನಲ್ಲಿತ್ತು. ಪರದೆಯ ಮೇಲೆ ಕೆಂಪು ಕೆನ್ನೆಯ ಪುಟ್ಟ ಮುಖ ಬಂತು. ಡೋಲ್ಮಕ್ಕ ಬಾಯಿ ತೆರೆದರು:

"ಉಂಡ್ಯಾ ಮಗಾ?"

ಅವರ ವ್ಯಾಪಾರದ ರೀತಿಯೇ ಅದು. ತಾಯಂದಿರು ಕರೆತಂದ ಮಕ್ಕಳು ಸ್ವೆಟರ್ ಕಂಡು ರಂಪ ಮಾಡುವ ಮೊದಲೇ "ಉಂಡ್ಯಾ ಮಗಾ?" ಎನ್ನುವುದು, ಮಗು ಉತ್ತರ ಯೋಚಿಸುವಷ್ಟರಲ್ಲಿ ತಲೆಯ ಮೇಲಿಂದ ಸ್ವೆಟರ್ ಇಳಿಸಿಬಿಡುವುದು. ಎಷ್ಟೋ ಚಳಿಗಾಲಗಳ ಅಭ್ಯಾಸ. ಮಗುವಿನ ಮುಖ ಕಂಡದ್ದೇ ನಾಲಿಗೆ ಬಾಯಿಪಾಠ ಬಿಟ್ಟು ತನ್ನ ಕನ್ನಡದ ದಾರಿ ಹಿಡಿಯಿತು.

ಮಗು ಒಂದು ಗಳಿಗೆ ಅಜ್ಜಿಯತ್ತ ನೋಡಿತು. ಆಮೇಲೆ ಪಾಠ ಒಪ್ಪಿಸುವಂತೆ ಕೈಕಟ್ಟಿಕೊಂಡು, "ಉಂಡ್ಯಾ ಮಗಾ" ಎಂದಿತು.

ಡೋಲ್ಮಕ್ಕ ತಬ್ಬಿಬ್ಬಾಗಿ, ನಕ್ಕು, ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಅಜ್ಜಿ ಪಕ್ಕದಿಂದ ತಿವಿದಳು. ಮಗುವಿನ ಬಾಯಿಂದ ತಡವರಿಸುತ್ತಾ ಒಂದೆರಡು ಮಾತು ಬಂತು. ಆಮೇಲೆ ಪರದೆ ಖಾಲಿಯಾಯಿತು.

"ಏನಂತು ಅಕ್ಕ?"

"ಚಳಿ ಅಂತು." ಸೆರಗಿಲ್ಲದ ಟಿಬೆಟಿಯನ್ ನಿಲುವಂಗಿಯ ಅವರು ಅಂಗಡಿಯ ಮಫ್ಲರಿನಲ್ಲೇ ಕಣ್ಣೊರಸಿಕೊಂಡರು. "ನಮ್ ಮಾತಲ್ಲೇ ಅಂತು ಕಣ್ ತಮ್ಮ. ಆದ್ರೆ ಉಂಡ್ಯಾ ಅನ್ನದೂ ನಮ್ದೇ ಮಾತು ಅನ್ಕಬುಡ್ತು. ತಿದ್ದಕ್ ಮನ್ಸಾಗ್ನಿಲ್ಲ."

ನಿನ್ನೆ ಡೋಲ್ಮಕ್ಕ ಮತ್ತೆ ಬಂದು ಗಂಟು ಬಿಚ್ಚಿದ್ದಾರೆ. ಹಾಸ್ಟೆಲಿನಿಂದ ರಜಕ್ಕೆ ಬಂದಾಗಲೆಲ್ಲ ಮಗು ಬಾಗಿಲಲ್ಲೇ ನಿಂತು ಅಜ್ಜಿಗೆ "ಉಂಡ್ಯಾ ಮಗಾ" ಎನ್ನುತ್ತದಂತೆ. ಅಜ್ಜಿಗೂ ತಿದ್ದಲು ಮನಸ್ಸಿಲ್ಲವಂತೆ. ಈಗ ನನಗೆ ಹೊಸ ಚಿಂತೆ: ಅಲ್ಲಿನ ಮೇಷ್ಟ್ರ ಕಿವಿಗೆ ಇದು ಬಿದ್ದರೆ? "ಬಿದ್ರೆ ಬೀಳ್ಲಿ, ಅವ್ರೂ ಉಣ್ಲಿ" ಎನ್ನುತ್ತಾಳೆ ಹೆಂಡತಿ. ಕೆಟ್ಟದ್ದು ಸರಿಹೋಗದೆ ಇರಲಿ ಎಂದು ನಾನು ಬೇಡಿಕೊಳ್ಳುತ್ತಿರುವುದು ಇದೇ ಮೊದಲು. ಅವತ್ತು ಕೆಟ್ಟದ್ದು ಇದೊಂದೇ: ಅಷ್ಟು ದೂರದ ಒಂದು ಮಗು ಗುಂಡ್ಲುಪೇಟೆಯ ಮಾತೊಂದನ್ನು ತನ್ನ ಮನೆಮಾತೆಂದು ನಂಬಿ, ಹಾಸ್ಟೆಲಿನಲ್ಲಿ ಯಾರಿಗೂ ಕೇಳಿಸದ ಹಾಗೆ, ಮರೆಯದೆ ಇಟ್ಟುಕೊಂಡಿದೆ.