ಸೀಸದ ಪಾತ್ರೆಗೆ ಬಿದ್ದ ಸತು

ಡೆಲ್ಫಾ ರೌಗುಸ್ಟ್ ಅಂಗಡಿಯ ಗುಂಡು ಕೊಂಡವಳಲ್ಲ. ಐಡಾಹೊದ ಬೆಟ್ಟನಾಡಿನ ನದಿದಂಡೆಯ ಮನೆಯಲ್ಲಿ ಅಪ್ಪ ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಸೀಸ ಕರಗಿಸಿ ಗುಂಡು ಎರೆಯುತ್ತಿದ್ದ. ಅವನ ನಂತರ ಅವಳು. ಗಂಡ ಸತ್ತ ವರ್ಷವೂ ತಾನು ಎರೆದ ಗುಂಡಿನಲ್ಲೇ ಎಲ್ಕ್ ಎಂಬ ದೊಡ್ಡ ಜಿಂಕೆ ಹೊಡೆದು, ಮಾಂಸ ಹೊತ್ತು ಬೆಟ್ಟ ಇಳಿದಿದ್ದಳು. ಚಳಿಗಾಲದ ಊಟವೆಂದರೆ ಅವಳಿಗೆ ಅದೇ.

ಅಪ್ಪನ ಕೋವಿಯದು ವಿಚಿತ್ರ ಹಟ. ಬರೀ ಸೀಸ ಹಾಕಿದರೆ ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ. ಗಟ್ಟಿ ಲೋಹವಾದರೆ ಗುಂಡು ತಗುಲಿದಾಗ ಚಪ್ಪಟೆಯಾಗಿ ಅರಳದೆ ಪ್ರಾಣಿಯ ಮೈ ತೂರಿ ಹೋಗುತ್ತದೆ. ಪ್ರಾಣಿ ಎಲ್ಲೋ ಹೋಗಿ ನರಳಿ ಸಾಯುತ್ತದೆ. ಆದ್ದರಿಂದ ಮೆತ್ತನೆಯ ಸೀಸದ ಹಾಳೆಗೆ, ಕಾರಿನ ಚಕ್ರಕ್ಕೆ ಹಾಕುವ, ತುಸು ಗಟ್ಟಿಯಾದ ತೂಕದ ಬಿಲ್ಲೆಗಳನ್ನು ಸ್ವಲ್ಪವೇ ಸೇರಿಸಬೇಕು. ಒಂದೊಂದು ಬಿಲ್ಲೆಯನ್ನೂ ಅವಳು ಇಕ್ಕಳದಿಂದ ಕಚ್ಚಿ ನೋಡುತ್ತಿದ್ದಳು. ಗುರುತು ಬಿದ್ದರೆ ಸೀಸ, ಬೀಳದಿದ್ದರೆ ಸತು, ಆಚೆಗೆ. ಸತು ಕರಗಿ ಬೆರೆತರೆ ಸೀಸ ಅಚ್ಚಿಗೆ ಹರಿಯದೆ ಕೆಡುತ್ತದೆ.

ಶನಿವಾರ ಬೇಟೆ ಶುರು. ಬುಧವಾರ, ಹಳೆಯ ಚರ್ಚಿನ ಚಾವಣಿಯಿಂದ ಬಂದ ಕೊನೆಯ ಸೀಸದ ಹಾಳೆ ಪಾತ್ರೆಯಲ್ಲಿ ಕರಗುತ್ತಿತ್ತು. ನೋಡಿಕೊಳ್ಳಲು ಎದುರುಮನೆಯ ಮೈದುನ ವೆಂಡಲ್‌ನನ್ನು ನಿಲ್ಲಿಸಿ ಅವಳು ಅಚ್ಚು ತರಲು ಒಳಗೆ ಹೋದಳು. ಬಂದು ನೋಡಿದರೆ ಕನ್ನಡಿಯಂತೆ ಹೊಳೆಯಬೇಕಾದ ಲೋಹ ಗಂಜಿಯಂತೆ ಮುದ್ದೆಗಟ್ಟಿತ್ತು.

"ಏನು ಹಾಕಿದೆ ಇದಕ್ಕೆ?"

"ಬಿಲ್ಲೆ ಕಣೆ. ಡಬ್ಬಿ ತುಂಬಾ ಇತ್ತಲ್ಲ."

"ಕಚ್ಚಿ ನೋಡಿದೆಯಾ?"

"ಒಂದೊಂದನ್ನೂ ಕಚ್ಚೋಕೆ ನಾನೇನು ಇಲಿಯಾ? ಕೆಲವು ಮೇಲೇ ತೇಲ್ತಾ ಇದ್ವು. ಕರಗಲಿ ಅಂತ ಉರಿ ಜಾಸ್ತಿ ಮಾಡಿದೆ."

ಡೆಲ್ಫಾ ಒಲೆ ಆರಿಸಿದಳು.

"ತೇಲ್ತಾ ಇತ್ತಲ್ಲ, ಅದೇ ಸತು! ನೀನು ಸುಮ್ಮನಿದ್ದಿದ್ರೆ ನಾನೇ ಸೌಟಲ್ಲಿ ತೆಗೆದು ಬಿಸಾಕ್ತಿದ್ದೆ. ನಿನಗೆ ಸುಮ್ಮನಿರೋದು ಹುಟ್ಟಿದಾಗಿಂದ ಬಂದಿಲ್ಲ. ಗೊತ್ತಿಲ್ಲದಿದ್ರೆ ಕೇಳೋದು, ಅದೂ ಬಂದಿಲ್ಲ."

"ಸಹಾಯ ಮಾಡೋಣ ಅಂತ..."

"ನನ್ನ ಚಳಿಗಾಲದ ಊಟ ಸುಟ್ಟೆ. ಅದನ್ನ ಸಹಾಯ ಅಂತ ಕರೀಬೇಡ."

ಅವಳು ರಸ್ತೆ ದಾಟಿ ನೇರ ಅವನ ಮನೆಗೆ ನುಗ್ಗಿದಳು; ಅವನು ಹಿಂದೆಯೇ ಓಡಿಬಂದ. ಗೋಡೆಯ ಮೇಲೆ ವೆಂಡಲ್‌ನ ನೀರಲ್ಲಿ ಮುಳುಗಲು ಸೊಂಟಕ್ಕೆ ಕಟ್ಟುವ ಭಾರದ ಡೈವಿಂಗ್ ಪಟ್ಟಿ ತೂಗುತ್ತಿತ್ತು. ಎಂದೋ ಸಮುದ್ರಕ್ಕಿಳಿದ ಕಥೆಯನ್ನು ಬಂದವರಿಗೆಲ್ಲ ಹೇಳಲು ಇಟ್ಟುಕೊಂಡದ್ದು. ಅದರ ತೂಕದ ಗಟ್ಟಿಯೊಂದರ ಮೇಲೆ ಉಗುರೆಳೆದಳು. ಗೆರೆ ಬಿತ್ತು. ಮೆತ್ತನೆಯ ಸೀಸ.

"ಡೆಲ್ಫಾ, ಅದು ನನ್ನ ನೆನಪಿಗೆ..."

"ಈ ಬೆಟ್ಟದಲ್ಲಿ ಸಮುದ್ರ ಎಲ್ಲಿದೆ, ತೋರಿಸು."

ಪಟ್ಟಿಯನ್ನು ಹೆಗಲಿಗೇರಿಸಿ, ಅಡುಗೆಮನೆಯಿಂದ ಅವನ ಎರಕದ ಕಬ್ಬಿಣದ ಪಾತ್ರೆಯನ್ನೂ ಎತ್ತಿಕೊಂಡಳು. ಪ್ರತಿ ಭಾನುವಾರ ಅವನು ಬೀನ್ಸ್ ಬೇಯಿಸುತ್ತಿದ್ದ ಪಾತ್ರೆ ಅದು.

"ಸೀಸ ಕರಗಿಸಿದ್ಮೇಲೆ ಅದರಲ್ಲಿ ಅಡುಗೆ ಮಾಡೋ ಹಾಗಿಲ್ಲ!"

"ನನ್ನದರಲ್ಲಿ ನೀನು ಗಂಜಿ ಕಾಯಿಸಿದೆಯಲ್ಲ," ಎಂದು ಇಕ್ಕಳವನ್ನು ಅವನ ಕೈಗಿಟ್ಟಳು. "ನಡಿ. ಉಳಿದಿರೋ ಬಿಲ್ಲೆ ಒಂದೊಂದೇ ಕಚ್ಚು."