ಬಿಳಿ ಚುಕ್ಕೆಯ ಜಿರಳೆ

೧೯೭೮ರ ಆಗಸ್ಟ್ ೨೪, ಗುರುವಾರ. ಆಧಾರ: ಕೋಲಾರದ ಆಸ್ಪತ್ರೆಯಿಂದ ನನ್ನ ಹೆಂಡತಿಯನ್ನು ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿ. ಅದರಲ್ಲಿ ತಾರೀಖು ಮಾತ್ರ ಇದೆ. ವಾರವನ್ನು ಆ ವರ್ಷದ ಪಂಚಾಂಗದಿಂದ ಖಚಿತಪಡಿಸಿಕೊಂಡೆ. ಏಳನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅಂದು ನಾವು ಮನೆಗೆ ಬಂದ ಮೇಲೆ ನಡೆದದ್ದನ್ನು ದಾಖಲಿಸುವುದು ನನ್ನ ಉದ್ದೇಶ. ಅದಕ್ಕೆ ಮೊದಲು ಆ ವರ್ಷ ನಮ್ಮ ಮನೆಯಲ್ಲಿ ಸಾಕಿದ್ದ ಜಿರಳೆಗಳ ವಿಷಯ ಹೇಳಬೇಕು.

ನಾನಾಗ ಕೋಲಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ವಿದ್ಯಾರ್ಥಿಗಳು ಕೊಯ್ದು ನೋಡಲು ಬೇಕಾದ ಜಿರಳೆಗಳನ್ನು ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ, ತೆಳು ಬಟ್ಟೆ ಕಟ್ಟಿದ ಗಾಜಿನ ಭರಣಿಗಳಲ್ಲಿ ಬೆಳೆಸುತ್ತಿದ್ದೆ. ಕೊಲ್ಲುವ ಕೆಲಸವೂ ನನ್ನದೇ.

ಹೆಂಡತಿ ಬಸುರಿಯಾದಾಗ ಶ್ರೀನಿವಾಸಪುರದಿಂದ ನನ್ನ ತಾಯಿ ಬಂದರು. ಬಂದ ದಿನವೇ ಭರಣಿಗಳನ್ನೂ ಪಕ್ಕದ ಕ್ಲೋರೋಫಾರಂ ಸೀಸೆಯನ್ನೂ ನೋಡಿದರು.

“ಬಸುರಿ ಗಂಡ ಜೀವ ತೆಗೀಬಾರ್ದು ಕಣೋ ನಾಯ್ನಾ. ಹೆರಿಗೆ ಆಗೋವರ್ಗೂ ಸೀಸೆ ಮುಟ್ಬೇಡ.”

ಅದೇ ಸಂಜೆ ಅಡುಗೆಮನೆಯಲ್ಲಿ ಅವರೇ ಒಂದು ಜಿರಳೆಯನ್ನು ಬಡಿದು ಹೊರಗೆಸೆದರು. ನಾನು ಕೇಳಿದ್ದಕ್ಕೆ, “ನನ್ನ ಪೊರಕೆಗೆ ಯಾವ ನಿಯಮಾನೂ ಇಲ್ಲ” ಎಂದರು.

ನಾನು ವಾದಿಸಲಿಲ್ಲ. ಕಾಲೇಜಿಗೆ ಜಿರಳೆ ಕೊಂದು ಒದಗಿಸುವ ಕೆಲಸವನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದೆ. ಹೀಗೆ ಸಾಯಬೇಕಾಗಿದ್ದ ಜಿರಳೆಗಳು ನಮ್ಮಲ್ಲೇ ಉಳಿದು, ರಾಗಿಮುದ್ದೆಯ ಚೂರು ತಿಂದು ಬದುಕಿದವು. ಭರಣಿಗಳ ಬಳಿ ಬೇರೆ ಕೆಲಸವಿಲ್ಲದ ನಾನು ಅವು ಮೊಟ್ಟೆ ಹೊರುವ ಕ್ರಮವನ್ನು ಗಮನಿಸತೊಡಗಿದೆ.

ದೊಡ್ಡ ಕೆಂಗಂದು ಜಾತಿಯ ಹೆಣ್ಣು ತನ್ನ ಮೊಟ್ಟೆಚೀಲವನ್ನು ಹಿಂಬದಿಯಲ್ಲಿ ಹೊತ್ತು ತಿರುಗುವುದು ಸ್ವಲ್ಪ ಕಾಲ ಮಾತ್ರ; ಮರೆಯಾದ ಜಾಗ ಹುಡುಕಿ, ಎಂಜಲಿನಿಂದ ಅಂಟಿಸಿ ಹೋಗಿಬಿಡುತ್ತದೆ. ಬೆನ್ನಿನ ಮುಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಸಣ್ಣ ಜಾತಿ ಹಾಗಲ್ಲ. ಮರಿ ಹೊರಬರುವ ಹೊತ್ತಿನವರೆಗೂ ಅದು ಚೀಲವನ್ನು ಬಿಡುವುದಿಲ್ಲ. ಈ ಜಾತಿಯದು ನನ್ನಲ್ಲಿ ಒಂದೇ ಒಂದು ಹೆಣ್ಣಿತ್ತು. ನಂಗಲಿಯಲ್ಲಿ ಲಾರಿಗಳು ನಿಲ್ಲುವ ಕಡೆಯ ಚಹಾ ಅಂಗಡಿಯೊಂದರ ಗೂಡಿನಿಂದ ಹಿಡಿದು ತಂದದ್ದು. ಗುರುತಿಗೆಂದು ಅದರ ರೆಕ್ಕೆಯ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೆ.

ಮಾಲೂರಿನ ಹಳ್ಳಿಯಿಂದ ಬಂದ ನನ್ನ ಹೆಂಡತಿಗೆ ಮೊದಲು ಅಸಹ್ಯವಿತ್ತು. ಆಗಸ್ಟ್ ಆರಂಭದಲ್ಲಿ ಆ ಹೆಣ್ಣಿಗೆ ಚೀಲ ಕಾಣಿಸಿಕೊಂಡ ಮೇಲೆ ದಿನವೂ ಭರಣಿಯ ಮುಂದೆ ಕೂರುತ್ತಿದ್ದಳು. ಇವಳಿಗೆ ಸೀಮಂತ ಯಾವಾಗ ಎಂದು ಅತ್ತೆಯನ್ನು ಕೇಳಿ ನಗಿಸಿದ್ದಳು. ಚೀಲಕ್ಕೆ ಬೇಕಾದ ನೀರಿನಂಶ ತಾಯಿಯ ಮೈಯಿಂದಲೇ ಸಿಗುತ್ತದೆ, ಮುಂಚೆಯೇ ಕಳಚಿದರೆ ಮೊಟ್ಟೆಗಳು ಒಣಗುತ್ತವೆ ಎಂದು ನಾನು ವಿವರಿಸಿದೆ.

“ಹಾಗಾದ್ರೆ ಕೆಳಗಿಟ್ಟು ಸುಧಾರಿಸ್ಕೊಳ್ಳೋ ಹಾಗೂ ಇಲ್ಲ, ಪಾಪ” ಎಂದಳು.

ಇನ್ನು ಇಪ್ಪತ್ನಾಲ್ಕನೆಯ ತಾರೀಖು. ಆಸ್ಪತ್ರೆಯಿಂದ ಜಟಕಾದಲ್ಲಿ ಬಂದೆವು. ತಾಯಿ ನೀರು ಕಾಯಿಸಲು ಹೋದರು. ಹೆಂಡತಿ ನೇರವಾಗಿ ಹಿಂದಿನ ಕೋಣೆಗೆ ನಡೆದಳು; ನಾನು ಹಿಂಬಾಲಿಸಿದೆ. ಭರಣಿಯಲ್ಲಿ ಆಗಷ್ಟೇ ಹೊರಬಂದ ಬಿಳಿಯ ಮರಿಗಳು ಬಿಳಿ ಚುಕ್ಕೆಯ ಹೆಣ್ಣಿನ ಸುತ್ತ ಹರಿದಾಡುತ್ತಿದ್ದವು. ಹೆಂಡತಿ ಸ್ವಲ್ಪ ಹೊತ್ತು ನೋಡಿ, “ಇವಳದ್ದು ಉಳೀತು” ಎಂದಳು. ನನಗೆ ಏನೂ ಅನ್ನಿಸಲಿಲ್ಲ. ಬಟ್ಟೆಯ ದಾರ ಸಡಿಲವಾಗಿತ್ತು, ಬಿಗಿದೆ. ಮುಂದೆ ನಮಗೆ ಮಕ್ಕಳಾಗಲಿಲ್ಲ. ಆ ದಿನದ ಮಾತು ಬಂದಾಗಲೆಲ್ಲ ನಾವಿಬ್ಬರೂ ಆ ಮರಿಗಳ ಬಗ್ಗೆಯೇ ಹೇಳಿಕೊಂಡು ಬಂದಿದ್ದೇವೆ.

ಕಳೆದ ತಿಂಗಳು, ಹಳೆಯ ಮಾದರಿಗಳನ್ನು ಕಾಲೇಜಿಗೆ ಕೊಟ್ಟುಬಿಡೋಣವೆಂದು ವಿಂಗಡಿಸುತ್ತಿದ್ದಾಗ, ಸ್ಪಿರಿಟ್ ತುಂಬಿದ ಸಣ್ಣ ಗಾಜಿನ ಕೊಳವೆಯೊಂದು ಸಿಕ್ಕಿತು. ಚೀಟಿ ನನ್ನ ಕೈಬರಹದಲ್ಲಿದೆ: ‘ಹೆಣ್ಣು, ಮೊಟ್ಟೆಚೀಲ ಸಹಿತ. ಕೋಲಾರ, ೨೬-೮-೧೯೭೮.’ ಮಸೂರದಲ್ಲಿ ನೋಡಿದೆ. ರೆಕ್ಕೆಯ ಮೇಲೆ ಬಿಳಿ ಚುಕ್ಕೆಯಿದೆ. ಚೀಲ ಇನ್ನೂ ಮೈಗೆ ಅಂಟಿದೆ, ಬಲಿತಿದೆ, ಮರಿ ಹೊರಬರುವಾಗ ಬಿರಿಯಬೇಕಾದ ಅದರ ಅಂಚು ಉದ್ದಕ್ಕೂ ಮುಚ್ಚಿದೆ. ಒಮ್ಮೆ ಮರಿ ಮಾಡಿದ ಹೆಣ್ಣು ಎರಡೇ ದಿನದಲ್ಲಿ ಅಂಥ ಇನ್ನೊಂದು ಚೀಲ ಹೊರುವುದು ಸಾಧ್ಯವಿಲ್ಲ. ಇಪ್ಪತ್ತಾರರಂದು ನಮ್ಮ ಮನೆಯಲ್ಲಿ ಬಸುರಿ ಇರಲಿಲ್ಲ. ತಾಯಿಯ ನಿಯಮ ನನಗೆ ಅನ್ವಯಿಸುತ್ತಿರಲಿಲ್ಲ. ಕ್ಲೋರೋಫಾರಂ ಸೀಸೆ ತೆರೆದದ್ದು ಮಾತ್ರ ನನ್ನ ನೆನಪಿನಲ್ಲಿಲ್ಲ.

ಕೊಳವೆಯನ್ನು ತೋರಿಸದೆ ಹೆಂಡತಿಯನ್ನು ಕೇಳಿದೆ, ಆ ಮರಿಗಳನ್ನು ನೋಡಿದ್ದು ನಿಜವೇ ಎಂದು. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ನೋಡ್ದೆ ಏನ್ರೀ? ಅಕ್ಕಿನುಚ್ಚಿನ ಹಾಗೆ ಬೆಳ್ಳಗಿದ್ವು.”

ಅವಳ ಹೇಳಿಕೆಯನ್ನು ಹಾಗೆಯೇ ಇಲ್ಲಿ ದಾಖಲಿಸಿದ್ದೇನೆ. ಕಾಲೇಜಿಗೆ ಹೋಗುವ ಪೆಟ್ಟಿಗೆಯಲ್ಲಿ ಆ ಕೊಳವೆಯನ್ನು ಇಡಲಿಲ್ಲ. ಅದರೊಳಗಿನ ಚೀಲ ಒಡೆದಿಲ್ಲ.