ಮುಮ್ತಾಜ್, ನಿನ್ನ ಮೀನು ಕೆಟ್ಟಿರಲಿಲ್ಲ

ಮುಮ್ತಾಜ್, ನಿನ್ನ ಹೋಟೆಲಿನ ಮೀನು ತಿಂದು ನನಗೆ ವಾಂತಿಯಾಯಿತೆಂದು ನಾನು ಹೇಳಿದ್ದು ಸುಳ್ಳು. ಆ ದಿನ ನಿನ್ನಲ್ಲಿ ನಾನು ಮೀನು ತಿಂದೇ ಇರಲಿಲ್ಲ. ಎಂಟು ವರ್ಷ ಇದನ್ನು ನುಂಗಿಕೊಂಡು ಬದುಕಿದೆ — ಇನ್ನಾಗುವುದಿಲ್ಲ.

ಗೋವಾಕ್ಕೆ ನಿನ್ನನ್ನು ಹೊರಡಿಸಿದವಳು ನಾನೇ. ಶಿವಮೊಗ್ಗದ ಕೋಟೆಯ ಹತ್ತಿರ ನೀನು ಆರು ಮೇಜಿನ ಹೋಟೆಲ್ ತೆರೆದು ಆಗಿನ್ನೂ ಒಂದು ವರ್ಷ. ಕರಾವಳಿಯ ಮೀನಡುಗೆಯನ್ನು ಅಲ್ಲಿಯೇ ತಿಂದು ಕಲಿಯಬೇಕೆಂಬ ಆಸೆ ನಿನಗೆ. ನನಗೋ ಅಲ್ಲಿ ವೈನು ತಯಾರಿಸುವ ವೈನರಿಗಳನ್ನು ನೋಡುವ ಹುಚ್ಚು. ಭದ್ರಾವತಿಯ ನಮ್ಮ ಮನೆಯಲ್ಲಿ ವೈನಿನ ಹೆಸರೆತ್ತುವಂತಿರಲಿಲ್ಲ. ಗೆಳತಿಗೆ ಜೊತೆಯಾಗಿ ಹೋಗುತ್ತೇನೆ ಎಂದಷ್ಟೇ ಹೇಳಿ ಬಂದಿದ್ದೆ.

ಮೂರು ದಿನ, ಆ ಸೆಕೆಯಲ್ಲಿ, ನೀನು ಸಣ್ಣ ಸಣ್ಣ ಹೋಟೆಲುಗಳ ಅಡುಗೆಮನೆ ಬಾಗಿಲಲ್ಲಿ ನಿಂತು ಹುಳಿ ಎಷ್ಟು, ಕಾಯಿ ಎಷ್ಟು ಎಂದು ಕೇಳಿ ಬರೆದುಕೊಂಡೆ. ನಾನು ವೈನರಿಯೊಳಗೆ ಹೋದಾಗೆಲ್ಲ ನೀನು ಹೊರಗೆ ಗೇರುಮರದ ನೆರಳಲ್ಲಿ ಕೂತು ಕಾದೆ.

“ಬೇಗ ಬಾರೇ ಮಾರಾಯ್ತಿ. ನಮ್ಮೋರು ಯಾರಾದ್ರೂ ನನ್ನ ಇಲ್ಲಿ ನೋಡಿದ್ರೆ ಮುಗೀತು ಕಥೆ,” ಎನ್ನುತ್ತಿದ್ದೆ ನೀನು.

ಹೊರಡುವ ದಿನ, ರುಚಿಗೆಂದು ಕೊಟ್ಟದ್ದು ಸಾಲದೆ, ನಾನು ಒಂದು ಬಾಟಲಿ ಕೊಂಡು ಮುಕ್ಕಾಲು ಕುಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ. ನೀನು ನನ್ನ ಕೂದಲು ಹಿಡಿದುಕೊಂಡು ಕೂತಿದ್ದೆ. ಶಿವಮೊಗ್ಗದಲ್ಲಿ ಇಳಿದ ಮೇಲೆ ನಿನ್ನ ಹೋಟೆಲಿಗೆ ಕರೆದೊಯ್ದು, ನಿಂಬೆ ಷರಬತ್ತು ಕುಡಿಸಿ, ಭದ್ರಾವತಿಯ ಬಸ್ಸು ಹತ್ತಿಸಿದೆ.

ಮನೆಗೆ ಬಂದವಳೇ ಮತ್ತೆ ಕಕ್ಕಿದೆ. “ಏನ್ ತಿಂದು ಬಂದ್ಯೇ?” ಎಂದರು ಅತ್ತೆ.

“ಮುಮ್ತಾಜ್ ಹೋಟೆಲಲ್ಲಿ... ಮೀನು.”

ಗಾಬರಿಯಲ್ಲಿ ಬಾಯಿಗೆ ಬಂದ ಮಾತು ಎನ್ನಲಾರೆ. ನಿನ್ನ ಹೆಸರು ಹೇಳಿದರೆ ಅವರು ಮರುಪ್ರಶ್ನೆ ಕೇಳುವುದಿಲ್ಲ — ಅದು ನನಗೆ ಗೊತ್ತಿತ್ತು.

ಮಾರನೇ ದಿನ ನನ್ನ ಗಂಡ ನನ್ನನ್ನೂ ಬೈಕಿನಲ್ಲಿ ಕೂರಿಸಿಕೊಂಡು ನಿನ್ನ ಹೋಟೆಲಿಗೆ ಬಂದರು. ಮಧ್ಯಾಹ್ನದ ಊಟದ ಹೊತ್ತು, ಆರೂ ಮೇಜು ಭರ್ತಿ. “ಕೊಳೆತ ಮೀನು ಹಾಕಿ ಜನರನ್ನ ಸಾಯಿಸ್ತೀರೇನ್ರೀ?” ಎಂದು ಕೂಗಾಡಿದರು. ನೀನು ಅವರನ್ನು ನೋಡಲೇ ಇಲ್ಲ. ನನ್ನನ್ನೇ ನೋಡಿದೆ — ಎಷ್ಟು ಹೊತ್ತು! ನೀನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದ್ದರೆ, ವೈನು ಮಾಡುವ ಜಾಗದಲ್ಲಿ ನಿನಗೇನು ಕೆಲಸ ಎಂದು ನಿನ್ನ ಮನೆಯವರೂ ಕೇಳುತ್ತಿದ್ದರು. ಆ ನಿನ್ನ ಭಯವನ್ನೇ ನಂಬಿಕೊಂಡು ನಾನು ಸುಮ್ಮನೆ ನಿಂತಿದ್ದೆ.

“ತಪ್ಪಾಯ್ತಣ್ಣ,” ಎಂದೆ ನೀನು.

ಊಟಕ್ಕೆ ಕೂತವರು ಅರ್ಧ ತಟ್ಟೆ ಬಿಟ್ಟು ಎದ್ದರು. ಒಬ್ಬ ಮೊಬೈಲಿನಲ್ಲಿ ಹಿಡಿದ ವಿಡಿಯೋ ಸಂಜೆಯೊಳಗೆ ಊರೆಲ್ಲ ಹರಡಿತು. ನಾಲ್ಕು ತಿಂಗಳಿಗೆ ನೀನು ಹೋಟೆಲ್ ಮುಚ್ಚಿದೆ. ಎರಡು ಸಲ ಫೋನ್ ಮಾಡಿದೆ — ನಾನು ಎತ್ತಲಿಲ್ಲ. ಈಗ ಯಾವುದೋ ಛತ್ರದಲ್ಲಿ ಅಡುಗೆಗೆ ಹೋಗುತ್ತೀಯಂತೆ.

ಇವತ್ತು ಬೆಳಿಗ್ಗೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಕುಡಿದದ್ದರ ಬಗ್ಗೆ ಅವರು ಕೇಳಲೇ ಇಲ್ಲ.

“ಅವತ್ತು ನಾನು ಆ ಹೆಂಗಸಿಗೆ ಬೈತಿದ್ದಾಗ ನೀನು ನನ್ನ ಪಕ್ಕದಲ್ಲೇ ಇದ್ಯಲ್ಲ?”

“ಇದ್ದೆ.”

ಅವರು ಎದ್ದು ಹೊರಗೆ ಹೋದರು, ಇನ್ನೂ ಬಂದಿಲ್ಲ. ಅತ್ತೆ ಒಳಗೆ ಸೊಪ್ಪು ಬಿಡಿಸುತ್ತಿದ್ದಾರೆ. ಈಗ ಹೋಗಿ ಅವರೆದುರು ಕೂತು ಹೇಳುತ್ತೇನೆ.